ತುಳಿದು ನೋಡುವ ಚಿತ್ರ

(ಶಂಕರಪುರಂನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



2010ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಬಿನಾಲೆಗಾಗಿ ಮೈಸೂರಿನ ಕಲಾವಿದ ಎನ್.ಎಸ್. ಹರ್ಷ ಒಂದು ಕೃತಿ ಮಾಡಿದರು. ಹೆಸರು ‘ಸ್ಕೈ ಗೇಜರ್ಸ್’, ಆಕಾಶ ನೋಡುವವರು. ಚಿತ್ರ ಇದ್ದದ್ದು ನೆಲದ ಮೇಲೆ. ಒತ್ತೊತ್ತಾಗಿ ನೆರೆದ ನೂರಾರು ಜನ, ಎಲ್ಲರೂ ಕತ್ತೆತ್ತಿ ಮೇಲೆ ನೋಡುತ್ತಿದ್ದಾರೆ. ಮೇಲೆ ಚಾವಣಿಗೆ ಕನ್ನಡಿ. ಒಳಗೆ ಬಂದವರು ಆ ಮುಖಗಳ ಮೇಲೆ ಕಾಲಿಟ್ಟೇ ಮುಂದೆ ಹೋಗಬೇಕು. ನಡುವೆ ನಿಂತು ತಾವೂ ಕತ್ತೆತ್ತಿದರೆ ಕನ್ನಡಿಯಲ್ಲಿ ಆ ಜಂಗುಳಿ ಕಾಣುತ್ತದೆ, ಜಂಗುಳಿಯ ನಡುವೆ ತಾವೂ ಕಾಣುತ್ತಾರೆ. ಯಾರೂ ಬಾರದ ಹೊತ್ತಿನಲ್ಲಿ ಅದು ಬಣ್ಣ ಬಳಿದ ನೆಲ ಮತ್ತು ಒಂದು ಕನ್ನಡಿ, ಅಷ್ಟೆ. ಒಬ್ಬರು ಕಾಲಿಟ್ಟ ಕ್ಷಣ ಅದು ಕೃತಿಯಾಗುತ್ತದೆ.

ಇಂಥ ಕಲೆಯ ಬಗ್ಗೆ ನಾನು ಇಂದು ಮಾತನಾಡಬೇಕೆಂದಿದ್ದೇನೆ. ನೋಡುಗರು ಬಂದು ಸೇರದೆ ಪೂರ್ತಿಯಾಗದ, ಒಂದು ಕೋಣೆಯನ್ನೋ ಬೀದಿಯನ್ನೋ ಆವರಿಸುವಷ್ಟು ದೊಡ್ಡದಾದ ಕಲೆ. ನಮ್ಮ ಚಿತ್ರಕಲಾ ವಲಯದಲ್ಲಿ ಇದನ್ನು ಪ್ರತಿಷ್ಠಾಪನಾ ಕಲೆ ಎನ್ನುತ್ತಾರೆ, ಇನ್‌ಸ್ಟಲೇಶನ್ ಎಂದೂ ಹೇಳುತ್ತಾರೆ. ಇದು ಪಶ್ಚಿಮದ ಗ್ಯಾಲರಿಗಳಿಂದ ಬಂದ ಪದ್ಧತಿ, ನಮಗೆ ಹೊಸದು ಎಂಬ ಮಾತು ಆಗಾಗ ಕೇಳಿಬರುತ್ತದೆ. ಹರ್ಷ ಅವರ ಕೃತಿಗಳನ್ನು ಗಮನಿಸುತ್ತ ಬಂದಂತೆ ನನಗೆ ಬೇರೆಯೇ ಒಂದು ವಿಷಯ ಹೊಳೆಯಿತು. ನಮ್ಮಲ್ಲಿ ಜನ ಕೃತಿಯೊಳಗೆ ಸೇರುವುದು ಕಣ್ಣಿನಿಂದ ಅಲ್ಲ, ಕಾಲಿನಿಂದ. ಕಾಲಿಡುವ ಮುಂಚೆ ಹುಟ್ಟುವ ಅಳುಕಿನಲ್ಲೇ ಆ ಕೃತಿಯ ಜೀವ ಇದೆ. ಈ ಒಂದು ಮಾತನ್ನು ತಮ್ಮ ಮುಂದೆ ಬಿಡಿಸಿ ಹೇಳುವುದೇ ಈ ಉಪನ್ಯಾಸ.

ಮೊದಲು ಕಲಾವಿದರ ಪರಿಚಯ, ಚಿಕ್ಕದಾಗಿ. ಹರ್ಷ ಹುಟ್ಟಿದ್ದು 1969ರಲ್ಲಿ, ಮೈಸೂರಿನಲ್ಲಿ. ಅಲ್ಲಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ, ಅಂದರೆ ಎಲ್ಲರೂ ‘ಕಾವಾ’ ಎಂದು ಕರೆಯುವ ಕಾಲೇಜಿನಲ್ಲಿ ಓದಿದರು. ಬಳಿಕ ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಓದು ಮುಗಿಸಿದ ಮೇಲೆ ಮುಂಬೈಗೋ ದೆಹಲಿಗೋ ಹೋಗದೆ ಮೈಸೂರಿಗೇ ಮರಳಿದರು. 2008ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಆರ್ಟೆಸ್ ಮುಂಡಿ ಪ್ರಶಸ್ತಿ ಬಂತು; ಅದರ ಮೊತ್ತ 40,000 ಪೌಂಡ್. 2017ರಲ್ಲಿ ಟೋಕಿಯೋದ ಮೋರಿ ಕಲಾ ಸಂಗ್ರಹಾಲಯ ಅವರ ಅದುವರೆಗಿನ ಕೆಲಸವನ್ನೆಲ್ಲ ಒಟ್ಟುಗೂಡಿಸಿ ದೊಡ್ಡ ಪ್ರದರ್ಶನ ಮಾಡಿತು. ಶಂಕರ ಮಠದ ನೆರಳಿನಲ್ಲಿ ಬೆಳೆದ ಈ ಬಡಾವಣೆಯ ಜನಕ್ಕೆ ಇನ್ನೊಂದು ವಿಷಯ ಹೇಳಬೇಕು. 2014ರ ಕೊಚ್ಚಿ ಬಿನಾಲೆಯಲ್ಲಿ ಅವರು ಇಟ್ಟ 24 ಮೀಟರ್ ಉದ್ದದ ಚಿತ್ರಕ್ಕೆ ಅವರು ಹೆಸರು ಕೊಟ್ಟದ್ದು ಭಜಗೋವಿಂದಂ ಸ್ತೋತ್ರದಿಂದ.

ಅವರ ಚಿತ್ರಗಳಲ್ಲಿ ಜನ ಎಂದರೆ ಸಾಲು ಸಾಲು ಜನ. ಉಣ್ಣುವವರು, ಮಲಗಿರುವವರು, ಮದುವೆಗೆ ಕೂತವರು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಭಾಷಣ ಕೇಳುವವರು. ದೂರದಿಂದ ನೋಡಿದರೆ ಒಂದೇ ತೆರನಾದ ಸಾಲು. ಹತ್ತಿರ ಹೋದರೆ ಒಬ್ಬರಂತೆ ಇನ್ನೊಬ್ಬರಿಲ್ಲ. 2008ರ ‘ಕಮ್ ಗಿವ್ ಅಸ್ ಎ ಸ್ಪೀಚ್’ ಎಂಬ ಆರು ಫಲಕಗಳ ಚಿತ್ರದಲ್ಲಿ ಕುರ್ಚಿಗಳ ಸಾಲು ಮುಗಿಯುವುದೇ ಇಲ್ಲ. ಆ ಕುರ್ಚಿಗಳೆಲ್ಲ ನಮ್ಮ ಕಡೆಗೇ ತಿರುಗಿವೆ. ವೇದಿಕೆಯ ಮೇಲೆ ಇರುವವರು ನಾವು, ಚಿತ್ರದ ಮುಂದೆ ನಿಂತವರು. ಇಷ್ಟು ಜನರನ್ನು ಬರೆಯುವ ಕಲಾವಿದ ಒಂದಲ್ಲ ಒಂದು ದಿನ ಚೌಕಟ್ಟಿನ ಹೊರಗಿನ ಜನರನ್ನೂ ಒಳಗೆ ಕರೆಯಲೇಬೇಕಿತ್ತು ಎನಿಸುತ್ತದೆ.

ಆ ಕರೆ ಬಂದದ್ದು 2006ರಲ್ಲಿ, ಸಿಂಗಪುರದಲ್ಲಿ. ಅದು ಸಿಂಗಪುರದ ಮೊದಲ ಬಿನಾಲೆ. ಅದರ ವಿಷಯ ನಂಬಿಕೆ. ಆದ್ದರಿಂದ ಗ್ಯಾಲರಿಗಳ ಜೊತೆಗೆ ದೇವಸ್ಥಾನ, ಚರ್ಚು, ಮಸೀದಿಗಳಲ್ಲೂ ಕೃತಿಗಳಿಗೆ ಜಾಗ ಸಿಕ್ಕಿತು. ಹರ್ಷ ಅವರಿಗೆ ದೊರೆತದ್ದು ವಾಟರ್‌ಲೂ ಬೀದಿಯ ಶ್ರೀಕೃಷ್ಣ ದೇವಸ್ಥಾನ. ಪಕ್ಕದಲ್ಲೇ ಚೀನೀಯರ ಕ್ವಾನ್ ಇಮ್ ದೇಗುಲ ಇದೆ. ಅಲ್ಲಿಗೆ ಬಂದ ಚೀನೀ ಭಕ್ತರು ಹಾಗೇ ಬಂದು ಕೃಷ್ಣನಿಗೂ ಊದುಬತ್ತಿ ಹಚ್ಚಿ ಹೋಗುವುದು ಆ ಬೀದಿಯ ರೂಢಿ. ಅಲ್ಲಿ ಹರ್ಷ ‘ಕಾಸ್ಮಿಕ್ ಆರ್ಫನ್ಸ್’ ಎಂಬ ಕೃತಿ ಮಾಡಿದರು, ವಿಶ್ವದ ಅನಾಥರು. ನೆಲದ ಮೇಲೂ ಮೇಲಿನ ಭಾಗದಲ್ಲೂ ಮಲಗಿ ನಿದ್ರಿಸುತ್ತಿರುವ ಮನುಷ್ಯರನ್ನು ಬರೆದರು. ರಾತ್ರಿ ರೈಲು ನಿಲ್ದಾಣದಲ್ಲಿ, ಮದುವೆ ಛತ್ರದ ಹಜಾರದಲ್ಲಿ ನಾವು ನೋಡಿರುವಂಥ ನಿದ್ರೆ ಅದು. ಕಾಲು ಮಡಿಚಿಕೊಂಡು, ಕೈಯನ್ನೇ ದಿಂಬು ಮಾಡಿಕೊಂಡು, ಪಕ್ಕದವರು ಯಾರೆಂದು ಕೇಳದೆ ಮಲಗುವ ನಿದ್ರೆ.

ಈಗ ಆ ನೆಲದ ಮುಂದೆ ನಮ್ಮ ಮನೆಯ ಹಿರಿಯರೊಬ್ಬರನ್ನು ನಿಲ್ಲಿಸಿ ನೋಡೋಣ. ಮಲಗಿದವರನ್ನು ದಾಟಬಾರದು, ದಾಟಿದರೆ ತಿರುಗಿ ದಾಟಿ ಬಾ ಎಂದು ಮಕ್ಕಳಿಗೆ ಹೇಳಿಕೊಟ್ಟವರು ಅವರು. ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು ಎಂದು ಕಲಿಸಿದವರು. ಅವರ ಕಾಲು ನಿಲ್ಲುತ್ತದೆ. ಬಣ್ಣ ಮಾತ್ರ ಎಂದು ಬುದ್ಧಿ ಹೇಳುತ್ತದೆ, ಕಾಲು ಒಪ್ಪುವುದಿಲ್ಲ. ಅದೂ ದೇವಸ್ಥಾನ, ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಬಂದಿದ್ದಾರೆ. ಕೆಲವರು ಚಿತ್ರಗಳ ನಡುವಿನ ಖಾಲಿ ಜಾಗ ಹುಡುಕಿ ಹೆಜ್ಜೆ ಇಡುತ್ತಾರೆ, ಕೆಲವರು ದಾಟುತ್ತಾರೆ, ಕೆಲವರು ಹಿಂದಕ್ಕೆ ಸರಿಯುತ್ತಾರೆ. ಆ ಮೂರೂ ಕೃತಿಯ ಭಾಗವೇ. ಮಲಗಲು ಮನೆಯಿಲ್ಲದವರನ್ನು ನಿಜವಾದ ಪಾದಚಾರಿ ಮಾರ್ಗದಲ್ಲಿ ನಾವು ದಿನವೂ ದಾಟಿಕೊಂಡು ಹೋಗುತ್ತೇವೆ, ಆಗ ಕಾಲು ಹೀಗೆ ನಿಲ್ಲುವುದಿಲ್ಲ. ಚಿತ್ರದ ಮುಂದೆ ನಿಂತ ಕಾಲು ಬೀದಿಯಲ್ಲಿ ಯಾಕೆ ನಿಲ್ಲಲಿಲ್ಲ ಎಂಬ ಪ್ರಶ್ನೆಯನ್ನು ಕಲಾವಿದರು ಎಲ್ಲೂ ಬರೆದಿಲ್ಲ. ಅದು ಅಂಗಾಲಿಗೇ ಅರಿವಾಗುವಂತೆ ಮಾಡಿದ್ದಾರೆ.

ತುಳಿಯುವುದು ಅವಮಾನ ಎಂಬುದು ನಮ್ಮ ಸಂಸ್ಕಾರದ ಒಂದು ಮುಖ. ಇನ್ನೊಂದು ಮುಖವೂ ಇದೆ, ಅದನ್ನು ನಾವು ಮರೆತಂತೆ ಕಾಣುತ್ತದೆ. ವಿಜಯನಗರ ಕಾಲದ ದೇವಾಲಯಗಳಿಗೆ ಹೋದಾಗ ಕಂಬಗಳನ್ನು, ಗೋಪುರವನ್ನು ನೋಡುವುದು ವಾಡಿಕೆ. ಮುಂದಿನ ಸಲ ಹಂಪಿಗೆ ಹೋದಾಗ ಕೆಳಗೆ ನೋಡಿ. ನೆಲಹಾಸಿನ ಕಲ್ಲುಗಳಲ್ಲಿ ಕೈ ಮುಂದಕ್ಕೆ ಚಾಚಿ ಸಾಷ್ಟಾಂಗ ಮಲಗಿದ ಭಕ್ತರ ಕೆತ್ತನೆಗಳು ಸಿಗುತ್ತವೆ. ಬರುವ ಹೋಗುವ ಭಕ್ತರ ಪಾದ ತಮ್ಮ ಮೇಲೆ ಬೀಳಲಿ ಎಂದು ಹಾಗೆ ಕೆತ್ತಿಸಿಕೊಂಡವರು ಅವರು. ದಾಸರೂ ಶರಣರೂ ಪಾದಧೂಳಿಯನ್ನು ಎಷ್ಟು ಎತ್ತರಕ್ಕೆ ಏರಿಸಿದರೆಂದು ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಶತಮಾನಗಳ ಕಾಲ ಕಾಲುಗಳು ತುಳಿದು ತುಳಿದು ಆ ಕೆತ್ತನೆಗಳ ಮೂಗು, ಬೆರಳು ಸವೆದಿವೆ. ಸವೆದಷ್ಟೂ ಅವು ಮಾಡಿಸಿದವರ ಬಯಕೆ ಈಡೇರುತ್ತ ಹೋಯಿತು. ಇದಕ್ಕಿಂತ ಹಳೆಯದಾದ, ಜನರ ಪಾಲನ್ನು ಬೇಡುವ ಶಿಲ್ಪವನ್ನು ಹುಡುಕಿಕೊಂಡು ನಾವು ಬೇರೆ ಕಡೆ ಹೋಗಬೇಕಿಲ್ಲ.

ಕರಾವಳಿಯ ನಾಗಮಂಡಲ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಚಪ್ಪರದ ಕೆಳಗೆ ಗಂಟು ಗಂಟಾಗಿ ಹೆಣೆದುಕೊಂಡ ಹಾವಿನ ದೊಡ್ಡ ಮಂಡಲವನ್ನು ಪಂಚವರ್ಣದ ಹುಡಿಯಲ್ಲಿ ಬರೆಯುತ್ತಾರೆ. ಬಿಳಿ, ಅರಿಸಿನದ ಹಳದಿ, ಅರಿಸಿನಕ್ಕೆ ಸುಣ್ಣ ಬೆರೆಸಿದ ಕೆಂಪು, ಸೊಪ್ಪಿನ ಹಸಿರು, ಕರಿಯ ಇದ್ದಲ ಹುಡಿ. ಗಂಟೆಗಟ್ಟಲೆ ಕೂತು, ಬೆರಳ ಸಂದಿಯಿಂದ ಹುಡಿ ಇಳಿಸಿ ಬರೆದ ಆ ಮಂಡಲದ ಮೇಲೇ ರಾತ್ರಿಯಿಡೀ ನಾಗಪಾತ್ರಿಯೂ ಡಕ್ಕೆ ಹಿಡಿದ, ವೈದ್ಯರೆಂದು ಕರೆಯುವ ನರ್ತಕರೂ ಕುಣಿಯುತ್ತಾರೆ. ಬೆಳಗಾಗುವಾಗ ಗೆರೆಗಳು ಕಲಸಿಹೋಗಿರುತ್ತವೆ. ಕಲಸಿದ ಆ ಹುಡಿ ಪ್ರಸಾದ. ಬರೆದವರಿಗೆ ಅದರ ಬಗ್ಗೆ ದುಃಖವಿಲ್ಲ, ಅಳಿಯಲೆಂದೇ ಬರೆದದ್ದು.

ಶಂಕರಪುರಂನ ಬೀದಿಗಳಲ್ಲಿ ಇದರ ಮನೆಮಟ್ಟದ ರೂಪ ದಿನವೂ ನಡೆಯುತ್ತದೆ. ಬೆಳಗಿನ ಹೊತ್ತು ರಂಗರಾವ್ ರಸ್ತೆಯಲ್ಲಿ ನಡೆದರೆ ನೀರು ಹಾಕಿದ ಬಾಗಿಲುಗಳ ಮುಂದೆ ರಂಗೋಲಿ ಇರುತ್ತದೆ. ಹಾಲಿನವರು, ಪೇಪರಿನ ಹುಡುಗ, ಶಾಲೆಗೆ ಓಡುವ ಮಕ್ಕಳು ಅದರ ಮೇಲೇ ಹೋಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅದರ ಅಂಚು ಕರಗಿ, ಹುಡಿ ರಸ್ತೆಯುದ್ದಕ್ಕೂ ಹರಡಿರುತ್ತದೆ. ಬರೆದವರು ಯಾರನ್ನೂ ತಡೆಯುವುದಿಲ್ಲ, ಸಹಿ ಹಾಕುವುದಿಲ್ಲ, ನಾಳೆ ಮತ್ತೆ ಬರೆಯುತ್ತಾರೆ. ಈಗೀಗ ಅಪಾರ್ಟ್‌ಮೆಂಟುಗಳ ಬಾಗಿಲಿಗೆ ಅಂಟಿಸುವ ರಂಗೋಲಿ ಸ್ಟಿಕರ್ ಬಂದಿದೆ. ವಯಸ್ಸಾದವರಿಗೆ, ಬಗ್ಗಲಾಗದವರಿಗೆ ಅದರಿಂದ ಅನುಕೂಲ ಆಗಿದೆ, ಅದನ್ನು ಒಪ್ಪುತ್ತೇನೆ. ಆದರೆ ಸ್ಟಿಕರ್ ಯಾರ ಕಾಲಿಗೂ ಬದಲಾಗುವುದಿಲ್ಲ. ಮನೆಗೆ ಬಂದವರು ಏನನ್ನೂ ಬಿಟ್ಟುಹೋಗದ, ಏನನ್ನೂ ಕಾಲಿಗೆ ಅಂಟಿಸಿಕೊಂಡು ಹೋಗದ ಚಿತ್ರ ಅದು.

ಹೊರದೇಶದ ಒಂದು ಉದಾಹರಣೆ ಇಲ್ಲಿ ಬೇಕು. ಜಪಾನಿನಲ್ಲಿ 17ನೇ ಶತಮಾನದಲ್ಲಿ ಕ್ರೈಸ್ತ ಧರ್ಮವನ್ನು ನಿಷೇಧಿಸಿದ ಮೇಲೆ ನಾಗಸಾಕಿಯ ಕಡೆ ಅಧಿಕಾರಿಗಳು ಒಂದು ಪರೀಕ್ಷೆ ತಂದರು. ಏಸುವಿನ ಅಥವಾ ಮೇರಿಯ ಚಿತ್ರವಿದ್ದ ಫಲಕವನ್ನು ನೆಲದ ಮೇಲಿಟ್ಟು ಊರಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ ತುಳಿಸುತ್ತಿದ್ದರು. ಯಾರ ಕಾಲು ಅಳುಕಿತೋ ಅವರು ಕ್ರೈಸ್ತರು, ಅವರಿಗೆ ಶಿಕ್ಷೆ. ಆ ಫಲಕಗಳಿಗೆ ಫುಮಿ-ಎ ಎಂದು ಹೆಸರು. ಅದೇ ಜಪಾನಿನಲ್ಲಿ ಹುಟ್ಟಿದ ಯೋಕೊ ಓನೊ 1961ರಲ್ಲಿ ನ್ಯೂಯಾರ್ಕಿನ ಗ್ಯಾಲರಿಯೊಂದರ ನೆಲದ ಮೇಲೆ ಕ್ಯಾನ್ವಾಸಿನ ತುಂಡೊಂದನ್ನು ಹಾಸಿ, ಇದು ತುಳಿಯಬೇಕಾದ ಚಿತ್ರ ಎಂದರು. ಅಧಿಕಾರಿಗಳು ಅಳುಕನ್ನು ಅಪರಾಧ ಮಾಡಿದ್ದರು. ಓನೊ ಆ ಅಳುಕನ್ನು ನೋಡುಗರಿಗೇ ಹಿಂತಿರುಗಿಸಿದರು. ತುಳಿಯುವುದೋ ಬಿಡುವುದೋ ನಿಮ್ಮ ಇಷ್ಟ, ಯಾರೂ ಬರೆದುಕೊಳ್ಳುತ್ತಿಲ್ಲ. ಬಲವಂತವಿದ್ದ ಕಡೆ ಜನರ ಪಾಲು ಎಂಬುದು ಸುಳ್ಳು. ಸರ್ಕಾರಿ ಕಾರ್ಯಕ್ರಮಕ್ಕೆ ಶಾಲಾ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ಅಕ್ಷರದ ಆಕಾರ ಮಾಡಿಸುವುದನ್ನು ನಾವು ಜನರ ಸಹಭಾಗಿತ್ವ ಎಂದು ಕರೆಯುತ್ತೇವಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ನೋವಾಗುತ್ತದೆ.

ಮಕ್ಕಳೊಂದಿಗೆ ಕೆಲಸ ಮಾಡುವ ಬಗೆ ಹೇಗೆ ಎಂಬುದಕ್ಕೆ ಹರ್ಷ ಅವರದೇ ಒಂದು ಕೃತಿ ಇದೆ. 2005ರಲ್ಲಿ ತುಮಕೂರಿನ ಟಿವಿಎಸ್ ಶಾಲೆಗಾಗಿ ಅವರು ರೂಪಿಸಿದ ಸಾಮೂಹಿಕ ಕೃತಿಯ ಹೆಸರು ‘ಆಂಬಿಷನ್ಸ್ ಅಂಡ್ ಡ್ರೀಮ್ಸ್’. ಬಂಡೆಯ ಮೇಲೆ ಬಟ್ಟೆ ಅಂಟಿಸಿ ಮಾಡಿದ ಮನುಷ್ಯರ ನೆರಳುಗಳು, ಒಂದೊಂದೂ ಆರು ಮೀಟರ್ ಉದ್ದ. ತನಗಿಂತ ಎಷ್ಟೋ ಪಟ್ಟು ದೊಡ್ಡದಾದ ನೆರಳಿನ ಬುಡದಲ್ಲಿ ಹೋಗಿ ನಿಲ್ಲುವ ಮಗುವಿಗೆ ತಾನು ಮುಂದೆ ಏನಾಗಬಹುದು ಎಂಬ ಮಾತನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. ಬಟ್ಟೆ ಮಾಸುತ್ತದೆ, ಮಳೆಗೆ ಬಿಡುತ್ತದೆ, ಬಂಡೆ ಉಳಿಯುತ್ತದೆ. ತುಮಕೂರು ಸೀಮೆಯ ಬಂಡೆಗಳನ್ನು ಕಂಡವರಿಗೆ ಆ ಕೃತಿ ಆ ಊರಿನಲ್ಲೇ ಯಾಕೆ ಆಯಿತು ಎಂಬುದೂ ತಿಳಿಯುತ್ತದೆ.

ಊಟದ ಪಂಕ್ತಿಯ ಮೇಲೂ ಅವರು ಒಂದು ಕೃತಿ ಮಾಡಿದ್ದಾರೆ. 2008ರಲ್ಲಿ ಟೋಕಿಯೋದ ಮೇಜೋನ್ ಹೆರ್ಮೆಸ್ ಕಟ್ಟಡದಲ್ಲಿ ಇಟ್ಟ ‘ಲೆಫ್ಟೋವರ್ಸ್’. ಉಂಡು ಎದ್ದುಹೋದವರ ಬಾಳೆಲೆಗಳು, ಎಲೆಯ ಮೇಲೆ ಉಳಿದ ಅನ್ನ, ಪಲ್ಯ. ಜಪಾನಿನ ಹೋಟೆಲುಗಳ ಗಾಜಿನ ಕಪಾಟಿನಲ್ಲಿ ಇಡುತ್ತಾರಲ್ಲ, ನಿಜವೆಂದೇ ತೋರುವ ಪ್ಲಾಸ್ಟಿಕ್ ತಿಂಡಿ ತಿನಿಸು, ಆ ಕುಶಲಕರ್ಮಿಗಳ ಕೈಯಲ್ಲಿ ನಮ್ಮ ಎಂಜಲೆಲೆ ತಯಾರಾಯಿತು. ಮಠದ ಪಂಕ್ತಿಯಲ್ಲಿ ಕೂತು ಉಂಡು ಬೆಳೆದ ನಮಗೆ ಎಲೆ ದಾಟಬಾರದೆಂದು ಗೊತ್ತು; ಯಾರು ಬಡಿಸುತ್ತಾರೆ, ಯಾರು ಮೊದಲ ಪಂಕ್ತಿಯಲ್ಲಿ ಕೂರುತ್ತಾರೆ, ಯಾರು ಎಲೆ ಎತ್ತುತ್ತಾರೆ ಎಂಬುದೂ ಗೊತ್ತು. ಎದ್ದುಹೋದವರ ಮುಖ ಕಾಣದ ಆ ಪಂಕ್ತಿಯ ನಡುವೆ ನಡೆಯುವವರು ಬಡಿಸುವವರೋ, ಎಲೆ ಎತ್ತುವವರೋ, ಎರಡನೆಯ ಪಂಕ್ತಿಗೆ ಕಾದವರೋ ಆಗಲೇಬೇಕು. ಹೊಲಿಗೆ ಯಂತ್ರಗಳ ಮೇಲೆ ವಿಶ್ವದ ದೇಶಗಳ ಧ್ವಜಗಳನ್ನು ಹರಡಿದ ಅವರ 2007ರ ‘ನೇಷನ್ಸ್’ ಇದಕ್ಕಿಂತ ಹೆಚ್ಚು ಹೆಸರಾದ ಕೃತಿ, ನೋಡಲು ಭವ್ಯವೂ ಹೌದು. ಆದರೆ ಕಾಲಿನಿಂದ ತುಳಿಯಬೇಕಾದ ಆ ಯಂತ್ರಗಳನ್ನು ಅಲ್ಲಿ ಯಾರೂ ತುಳಿಯುವಂತಿಲ್ಲ. ನೋಡುಗರು ಸುತ್ತ ನಿಂತು ನೋಡಿ ಬರುತ್ತಾರೆ. ಆದ್ದರಿಂದ ಇಂದಿನ ನನ್ನ ಮಾತಿಗೆ ಅದು ಸೇರುವುದಿಲ್ಲ.

ಸ್ಕೈ ಗೇಜರ್ಸ್ ಲಿವರ್‌ಪೂಲಿನಲ್ಲಿದ್ದ ಅದೇ 2010ರ ಅಕ್ಟೋಬರಿನಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಸಂಗ್ರಹಾಲಯದಲ್ಲಿ ಚೀನಾದ ಐ ವೇವೇ ಒಂದು ದೊಡ್ಡ ಕೃತಿ ತೆರೆದರು. ಪಿಂಗಾಣಿಯಲ್ಲಿ ಮಾಡಿದ ಹತ್ತು ಕೋಟಿ ಸೂರ್ಯಕಾಂತಿ ಬೀಜಗಳನ್ನು ನೆಲದ ತುಂಬ ಸುರಿದಿದ್ದರು. ಜಿಂಗ್‌ದೆಜೆನ್ ಊರಿನ 1,600 ಮಂದಿ ಕೈಯಿಂದ ಮಾಡಿ ಬಣ್ಣ ಹಚ್ಚಿದ ಬೀಜಗಳು. ಜನ ಅದರ ಮೇಲೆ ನಡೆದರು, ಮಕ್ಕಳು ಉರುಳಾಡಿದರು. ಕೆಲವೇ ದಿನಗಳಲ್ಲಿ ಪಿಂಗಾಣಿಯ ಧೂಳು ಏಳುತ್ತದೆ, ಉಸಿರಿಗೆ ಒಳ್ಳೆಯದಲ್ಲ ಎಂದು ನಡೆಯುವುದನ್ನು ನಿಲ್ಲಿಸಿದರು. ಆಮೇಲೆ ಬಂದವರು ಪಕ್ಕದಲ್ಲಿ ನಿಂತು ನೋಡಿ ಹೋದರು. ಆರೋಗ್ಯದ ಕಾರಣ ಸರಿಯಾದದ್ದೇ. ಆದರೆ ಆ ದಿನದಿಂದ ಅದು ಬೇರೆ ಕೃತಿಯಾಯಿತು. ಟೇಟ್ ಮಾಡರ್ನ್‌ನ ಅದೇ ಸಭಾಂಗಣದಲ್ಲಿ 2003ರಲ್ಲಿ ಓಲಾಫುರ್ ಎಲಿಯಾಸನ್ ಸುಮಾರು 200 ಹಳದಿ ದೀಪಗಳಿಂದ ಒಂದು ಸೂರ್ಯನನ್ನು ಕಟ್ಟಿ, ಚಾವಣಿಗೆ ಕನ್ನಡಿ ಹಾಕಿದ್ದರು. ಜನ ತಾವಾಗಿಯೇ ನೆಲದ ಮೇಲೆ ಅಂಗಾತ ಮಲಗಿ ಕನ್ನಡಿಯಲ್ಲಿ ತಮ್ಮನ್ನು ಹುಡುಕಿದರು. ಮಲಗಿ ಎಂದು ಎಲ್ಲೂ ಬರೆದಿರಲಿಲ್ಲ. ಎಲಿಯಾಸನ್ ಅವರ ಕನ್ನಡಿಯಲ್ಲಿ ಜನ ತಮ್ಮನ್ನು ಕಂಡರು. ಹರ್ಷ ಅವರ ಕನ್ನಡಿಯಲ್ಲಿ ತಮ್ಮ ಕಾಲ ಕೆಳಗಿನವರನ್ನೂ ಕಂಡರು. ನನ್ನ ಮಟ್ಟಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಈಗ ದೊಡ್ಡ ನಗರಗಳ ಮಾಲುಗಳಲ್ಲಿ, ಮೈದಾನಗಳಲ್ಲಿ ಟಿಕೆಟ್ಟಿನ ಪ್ರದರ್ಶನಗಳು ಬರುತ್ತಿವೆ. ಗೋಡೆ ನೆಲಗಳ ಮೇಲೆಲ್ಲ ಪ್ರೊಜೆಕ್ಟರಿನಿಂದ ಹಳೆಯ ಚಿತ್ರಗಳು ಹರಿಯುತ್ತವೆ, ಸೆನ್ಸರ್ ಇರುವಲ್ಲಿ ಕೈಯಾಡಿಸಿದರೆ ಹೂ ಅರಳುತ್ತದೆ. ಮಕ್ಕಳಿಗೆ ಖುಷಿಯಾಗುತ್ತದೆ, ಆಗಲಿ. ಆದರೆ ಅಲ್ಲಿ ಕೈ ಆಡಿಸುವ ಮುನ್ನ ಯಾರಿಗೂ ಅಳುಕು ಇರುವುದಿಲ್ಲ. ನಾನು ಕೈ ಆಡಿಸಿದರೂ ನೀವು ಆಡಿಸಿದರೂ ಅದೇ ಹೂ. ಯಂತ್ರ ಪ್ರತಿಕ್ರಿಯಿಸಿತು, ನಿಜ. ಅದರಿಂದ ನನ್ನಲ್ಲಾಗಲಿ ಕೃತಿಯಲ್ಲಾಗಲಿ ಏನೂ ಪಣಕ್ಕೆ ಬೀಳಲಿಲ್ಲ.

ಪಣಕ್ಕೆ ಬೀಳುವುದು ಎಂದರೇನು ಎಂಬುದನ್ನು ನಮ್ಮದೇ ಬೆಂಗಳೂರಿನ ಒಂದು ಕೆಲಸ ತೋರಿಸಿದೆ. 2003ರಲ್ಲಿ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿನಿಯಾಗಿದ್ದ ಜಸ್ಮೀನ್ ಪಥೇಜಾ ‘ಬ್ಲ್ಯಾಂಕ್ ನಾಯ್ಸ್’ ಆರಂಭಿಸಿದರು. ಬೀದಿಯಲ್ಲಿ ಹೆಣ್ಣುಮಕ್ಕಳು ಎದುರಿಸುವ ಕಿರುಕುಳದ ಬಗೆಗಿನ ಕಲಾಯೋಜನೆ ಅದು. ಇಲ್ಲಿ ಬಣ್ಣವೂ ಇಲ್ಲ, ಕಲ್ಲೂ ಇಲ್ಲ. ಬಂದು ಸೇರುವ ಜನರೇ ವಸ್ತು. ಹುಡುಗಿಯರು ಬೀದಿಯ ಕಂಬಿಗೆ ಒರಗಿ ಸುಮ್ಮನೆ ನಿಂತರು. ಬಸ್ಸಿಗೆ ಕಾಯುತ್ತಿಲ್ಲ, ಯಾರಿಗೂ ಕಾಯುತ್ತಿಲ್ಲ, ನಿಂತಿದ್ದಾರೆ ಅಷ್ಟೆ. ಸಿಗ್ನಲ್ಲಿನಲ್ಲಿ ವಾಹನಗಳು ನಿಂತಾಗ ಒಬ್ಬೊಬ್ಬರೂ ಮೈಮೇಲೆ ಒಂದೊಂದು ಅಕ್ಷರ ಧರಿಸಿ ಸಾಲಾಗಿ ನಿಂತು, ನನ್ನನ್ನೇಕೆ ನೋಡುತ್ತಿದ್ದೀರಿ ಎಂಬ ಪ್ರಶ್ನೆಯಾದರು. ಸದಾ ನೋಡುವವರಾಗಿದ್ದವರು ಆ ಸಿಗ್ನಲ್ ಬಿಡುವವರೆಗೆ ನೋಡಿಸಿಕೊಳ್ಳುವವರಾದರು.

2012ರಲ್ಲಿ ಯಲಹಂಕದಲ್ಲಿ ಬ್ಲ್ಯಾಂಕ್ ನಾಯ್ಸ್ ನಡೆಸಿದ ‘ಟಾಕ್ ಟು ಮಿ’ ಇನ್ನೂ ಸರಳ. ಅತ್ಯಾಚಾರಿಗಳ ಓಣಿ ಎಂದು ವಿದ್ಯಾರ್ಥಿನಿಯರು ಹೆದರಿ ಹೆಸರಿಟ್ಟಿದ್ದ ರಸ್ತೆಯೊಂದರಲ್ಲಿ ಮೇಜು ಕುರ್ಚಿ ಹಾಕಿದರು. ಒಂದು ಕಡೆ ಹುಡುಗಿ, ಎದುರಿಗೆ ಆ ರಸ್ತೆಯಲ್ಲಿ ಹೋಗುವ ಯಾರೋ ಅಪರಿಚಿತ, ನಡುವೆ ಚಹಾ, ಸಮೋಸ. ಮಾತು. ಆ ರಸ್ತೆಗೆ ಅತ್ಯಂತ ಸುರಕ್ಷಿತ ಓಣಿ ಎಂಬ ಹೊಸ ಹೆಸರನ್ನೂ ಇಟ್ಟರು. ಅಳುಕು ಎರಡೂ ಕಡೆ ಇತ್ತು, ಕೂರಲೋ ಬೇಡವೋ ಎಂದು. ಇನ್ನೊಂದು ಯೋಜನೆಯಲ್ಲಿ ಹೆಂಗಸರು ಕಬ್ಬನ್ ಪಾರ್ಕಿನ ಹುಲ್ಲಿನ ಮೇಲೆ ಹಾಸಿಕೊಂಡು ಮಲಗಿದರು. ನಮ್ಮ ಪಾರ್ಕುಗಳಲ್ಲಿ ಮಧ್ಯಾಹ್ನ ಗಂಡಸರು ಮುಖಕ್ಕೆ ಪೇಪರು ಮುಚ್ಚಿಕೊಂಡು ಮಲಗುವುದನ್ನು ದಿನವೂ ಕಾಣುತ್ತೇವೆ. ಒಬ್ಬ ಹೆಂಗಸು ಹಾಗೆ ನಿಶ್ಚಿಂತೆಯಾಗಿ ಮಲಗಿದ್ದನ್ನು ಲಾಲ್‌ಬಾಗಿನಲ್ಲಿ ಆಗಲಿ ಬ್ಯೂಗಲ್ ರಾಕ್‌ನಲ್ಲಿ ಆಗಲಿ ತಾವು ಎಷ್ಟು ಸಲ ಕಂಡಿದ್ದೀರಿ? ಹರ್ಷ ಅವರು ಸಿಂಗಪುರದ ನೆಲದ ಮೇಲೆ ಬರೆದ ನಿದ್ರೆಯನ್ನು ಈ ಹೆಣ್ಣುಮಕ್ಕಳು ನಮ್ಮ ನೆಲದ ಮೇಲೆ ತಮ್ಮ ಮೈಯಿಂದಲೇ ಬರೆದರು. ಕಣ್ಣು ಮುಚ್ಚಿ ಮಲಗುವುದಕ್ಕಿಂತ ಹೆಚ್ಚಿನ ಪಾಲನ್ನು ಯಾವ ಕೃತಿ ಕೇಳೀತು?

‘ಐ ನೆವರ್ ಆಸ್ಕ್ ಫಾರ್ ಇಟ್’ ಎಂಬುದು ಬ್ಲ್ಯಾಂಕ್ ನಾಯ್ಸ್‌ನದೇ ಇನ್ನೊಂದು ದೀರ್ಘ ಕೆಲಸ. ಕಿರುಕುಳ ನಡೆದ ದಿನ ತೊಟ್ಟಿದ್ದ ಉಡುಪನ್ನು ಹೆಣ್ಣುಮಕ್ಕಳೇ ತಂದು ಕೊಡುತ್ತಾರೆ. ಶಾಲೆಯ ಯೂನಿಫಾರ್ಮು, ಚೂಡಿದಾರ, ಸೀರೆ, ನೈಟಿ. ಏನು ತೊಟ್ಟಿದ್ದೆ ಎಂದು ಕೇಳುವವರಿಗೆ ಆ ಬಟ್ಟೆಗಳೇ ಉತ್ತರ. ಹತ್ತು ಸಾವಿರ ಉಡುಪುಗಳನ್ನು ಒಂದೆಡೆ ಸೇರಿಸಬೇಕೆಂಬುದು ಗುರಿ. ಬಟ್ಟೆಯನ್ನು ಕಪಾಟಿನಿಂದ ತೆಗೆದು ಮಡಿಚಿ ಚೀಲಕ್ಕೆ ಹಾಕುವವರೆಗೆ ಒಬ್ಬ ಹೆಣ್ಣುಮಗಳು ದಾಟುವ ದಾರಿ ಎಷ್ಟು ಉದ್ದ ಎಂದು ಯೋಚಿಸಿದರೆ, ಆ ಕೃತಿ ಗ್ಯಾಲರಿ ತಲುಪುವ ಮುಂಚೆಯೇ ಆಗಿಬಿಟ್ಟಿರುತ್ತದೆ ಎಂದು ತಿಳಿಯುತ್ತದೆ.

ಬೀದಿಯಲ್ಲೇ ಕಲೆ ಮಾಡುವ ಇನ್ನೊಬ್ಬ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರ ಹೆಸರು ತಮ್ಮಲ್ಲಿ ಬಹುತೇಕರಿಗೆ ಗೊತ್ತು. ಹರ್ಷ ಅವರಂತೆ ಅವರೂ ಮೈಸೂರಿನವರು, ಕಾವಾದಲ್ಲೇ ಕಲಿತವರು. 2015ರ ಜೂನ್‌ನಲ್ಲಿ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯ ಹೊಂಡದಲ್ಲಿ ಫೈಬರಿನ ಮೊಸಳೆ ಬಿಟ್ಟರು. 2019ರಲ್ಲಿ, ಚಂದ್ರಯಾನ-2 ಚಂದ್ರನ ಮೇಲೆ ಇಳಿಯುವುದನ್ನು ದೇಶವೇ ಕಾಯುತ್ತಿದ್ದ ದಿನಗಳಲ್ಲಿ, ಹೇರೋಹಳ್ಳಿಯ ತುಂಗಾನಗರದ ಹೊಂಡಗಳ ರಸ್ತೆಯಲ್ಲಿ ರಾತ್ರಿ ಹೊತ್ತು ನಟ ಪೂರ್ಣಚಂದ್ರ ಮೈಸೂರು ಅವರನ್ನು ಗಗನಯಾತ್ರಿಯ ಉಡುಪಿನಲ್ಲಿ ನಿಧಾನವಾಗಿ ನಡೆಸಿ ಚಿತ್ರೀಕರಿಸಿದರು. ಚಂದ್ರನ ಮೇಲೆ ನಡೆಯುತ್ತಿದ್ದಾರೆ ಎಂದುಕೊಂಡು ನೋಡುತ್ತಿದ್ದಂತೆ ಪಕ್ಕದಲ್ಲಿ ಆಟೋ ಹಾದುಹೋಗುತ್ತದೆ. ವಿಡಿಯೋ ಲಕ್ಷಾಂತರ ಜನರಿಗೆ ಹಂಚಿಹೋಯಿತು, ಪಾಲಿಕೆಯವರು ಕೂಡಲೇ ಬಂದು ರಸ್ತೆ ಸರಿಪಡಿಸಿದರು. ಎಲ್ಲರೂ ಈ ಕೆಲಸವನ್ನು ಚಮತ್ಕಾರ ಎಂದು ಮೆಚ್ಚುತ್ತಾರೆ. ನಾನು ಮೆಚ್ಚುವುದು ಬೇರೊಂದು ಕಾರಣಕ್ಕೆ. ಹೊಂಡ ಮುಚ್ಚಿದ ದಿನ ಆ ಕೃತಿ ಪೂರ್ತಿಯಾಯಿತು, ಅದೇ ದಿನ ಇಲ್ಲವೂ ಆಯಿತು. ಟಾರು ಸುರಿದ ಕೆಲಸಗಾರರು ಅದರ ಕೊನೆಯ ಸಹಕಲಾವಿದರು. ನಾಗಮಂಡಲದ ಹುಡಿ ಬೆಳಗಿನ ಜಾವ ಕಲಸಿಹೋಗುವ ಹಾಗೆಯೇ ಇದೂ ಅಳಿಯಲೆಂದೇ ಹುಟ್ಟಿದ್ದು.

ಈ ದತ್ತಿಯನ್ನು ಇಟ್ಟ ಕುಟುಂಬದವರ ಮುಂದೆ ಈಗ ಒಂದು ಬೇಡಿಕೆ ಇಡುತ್ತೇನೆ. ಮುಂದಿನ ವರ್ಷದ ಉಪನ್ಯಾಸವನ್ನು ವೇದಿಕೆಯಿಂದ ಇಳಿಸಿ ರಸ್ತೆಗೆ ತರೋಣ. ಚಿತ್ರಕಲಾ ಪರಿಷತ್ತು ಪ್ರತಿ ಜನವರಿಯಲ್ಲಿ ಚಿತ್ರಸಂತೆಗಾಗಿ ಒಂದು ಭಾನುವಾರ ಕುಮಾರಕೃಪಾ ರಸ್ತೆಯ ಸಂಚಾರ ನಿಲ್ಲಿಸುತ್ತದೆ, ನಗರ ಅದಕ್ಕೆ ಒಗ್ಗಿಕೊಂಡಿದೆ. ಶಂಕರಪುರಂನ ಒಂದು ಅಡ್ಡರಸ್ತೆಯನ್ನು ಒಂದು ಬೆಳಿಗ್ಗೆಯ ಮಟ್ಟಿಗೆ ಕೇಳಿದರೆ ಕೊಡದೆ ಇರಲಾರರು. ಭಾಷಣಕಾರರ ಬದಲು ಒಬ್ಬ ಕಲಾವಿದರನ್ನು ಕರೆಯೋಣ, ಈಗಷ್ಟೇ ಓದು ಮುಗಿಸಿದ ಯಾರನ್ನಾದರೂ. ರಸ್ತೆಯುದ್ದಕ್ಕೂ ಅವರು ಹುಡಿಯಲ್ಲಿ, ಸುಣ್ಣದಲ್ಲಿ, ಏನು ತೋಚುತ್ತದೋ ಅದರಲ್ಲಿ ನೆಲದ ಮೇಲೆ ಕೆಲಸ ಮಾಡಲಿ. ರಸ್ತೆಯವರು ಕೈ ಹಾಕುವುದಿದ್ದರೆ ಹಾಕಲಿ, ಇಲ್ಲದಿದ್ದರೆ ಬೇಡ. ಆಮೇಲೆ ಎಲ್ಲರೂ ಅದರ ಮೇಲೆ ನಡೆಯೋಣ. ಹಗ್ಗ ಕಟ್ಟುವುದು ಬೇಡ, ಪ್ರಾಯೋಜಕರ ಬ್ಯಾನರ್ ಬೇಡ, ಬಹುಮಾನ ಬೇಡ. ನಡೆಯಲಾರದ ಹಿರಿಯರ ಗಾಲಿಕುರ್ಚಿಗಳ ಗುರುತೂ ಆ ಚಿತ್ರದ ಮೇಲೆ ಬೀಳಲಿ.

ಇದರಲ್ಲಿ ಒಂದು ಎಚ್ಚರಿಕೆ ಬೇಕು. ಮಧ್ಯಾಹ್ನ ಅದನ್ನೆಲ್ಲ ಗುಡಿಸುವವರು ಯಾರು? ರಂಗೋಲಿಯ ಹುಡಿಯನ್ನು ದಿನವೂ ಗುಡಿಸುವವರು ಈ ಬೀದಿಗಳ ಪೌರಕಾರ್ಮಿಕ ಮಹಿಳೆಯರು, ನಮ್ಮ ಚಿತ್ರಗಳನ್ನು ಕೊನೆಗೆ ಮುಟ್ಟುವವರು ಅವರೇ. ಅವರಿಗೆ ಹೊರೆ ಹೊರಿಸಿ ನಾವು ಕಲೆ ಮಾಡಿದೆವು ಎನ್ನಲಾಗದು. ಆದ್ದರಿಂದ ಮೊದಲ ಸಭೆಗೇ ಅವರನ್ನು ಕರೆಯಬೇಕು, ಯಾವ ರಸ್ತೆ, ಯಾವ ಹೊತ್ತು, ಯಾವ ಹುಡಿ ಎಂಬುದನ್ನು ಅವರೊಂದಿಗೆ ಕೂತು ತೀರ್ಮಾನಿಸಬೇಕು. ಅಂದಿನ ಕೂಲಿಯನ್ನು ದತ್ತಿಯ ಹಣದಿಂದ ಕೊಡಬೇಕು, ಗುಡಿಸುವುದಕ್ಕೆ ಪೊರಕೆ ಹಿಡಿದು ನಾವೂ ಸೇರಬೇಕು. ಸಂಚಾರ ಪೊಲೀಸರಿಗೆ, ಪಾಲಿಕೆಗೆ ಅರ್ಜಿ ಬರೆಯುವ ಕೆಲಸ ನನ್ನದು; ಅಡ್ಡರಸ್ತೆಯವರ ಒಪ್ಪಿಗೆಯ ಸಹಿಗಳನ್ನು ತಾವು ಮನೆಮನೆಗೆ ಹೋಗಿ ತರಬೇಕು. ಇಂದಿನ ಸಭೆ ಮುಗಿದ ಮೇಲೆ ಕಾಫಿಯ ಹೊತ್ತಿಗೆ ಈ ಬಗ್ಗೆ ಮಾತನಾಡಲು ಇಷ್ಟವಿರುವವರು ದಯವಿಟ್ಟು ಉಳಿದುಕೊಳ್ಳಿ.